ತೈಕ್ಕಾಡಿನ ಡಾಕ್ಟರಮ್ಮ: ಮೇರಿ ಪುನ್ನನ್ ಲೂಕೋಸ್

ಕಳೆದ ವರ್ಷ ಅಮ್ಮ ಮೈಸೂರಿನ ಮನೆಗೆ ಬೀಗ ಹಾಕಿ ಕಾಕ್ಕನಾಡಿನ ನಮ್ಮ ಫ್ಲ್ಯಾಟಿಗೆ ಬಂದರು. ರುಮಟಾಯ್ಡ್ ಸಂಧಿವಾತ. ಎರಡೂ ಕೈಗಳ ಗೆಣ್ಣುಗಳು ಊದಿಕೊಂಡು, ಬೆಳಗಿನ ಹೊತ್ತು ಹಾಲಿನ ಪ್ಯಾಕೆಟ್ ಕತ್ತರಿಸಲೂ ಆಗುತ್ತಿರಲಿಲ್ಲ. ಮಾತ್ರೆಗೆ ನೋವು ಬಗ್ಗದಿದ್ದಾಗ ಇಲ್ಲಿಯ ಡಾಕ್ಟರು ಹೊಸ ಬಗೆಯ ಇಂಜೆಕ್ಷನ್ ಸೂಚಿಸಿದರು. ಆದರೆ ಅದಕ್ಕೆ ಮೊದಲು ಎದೆಯ ಎಕ್ಸ್‌ರೇ, ಟಿಬಿಯ ರಕ್ತಪರೀಕ್ಷೆ ಎರಡೂ ಆಗಲೇಬೇಕು ಎಂದರು. ಅಮ್ಮನಿಗೆ ಸಿಟ್ಟೇ ಬಂತು. ನಮ್ಮ ವಂಶದಲ್ಲೇ ಆ ಕಾಯಿಲೆ ಇಲ್ಲ ಎಂದು ಆಟೋದಲ್ಲಿ ಮನೆಯವರೆಗೂ ಹೇಳುತ್ತಲೇ ಬಂದರು. ರಾತ್ರಿ ಪಾತ್ರೆ ತೊಳೆಯುವಾಗ ಮಾತ್ರ, ಮನೆಯಲ್ಲಿ ನಾವಿಬ್ಬರೇ ಇದ್ದರೂ ದನಿ ತಗ್ಗಿಸಿ, ತಮ್ಮ ದೊಡ್ಡಮ್ಮ ಒಬ್ಬರು ಪಿ.ಕೆ. ಸ್ಯಾನಟೋರಿಯಮ್ಮಿನಲ್ಲಿ ತೀರಿಕೊಂಡ ಸಂಗತಿ ಹೇಳಿದರು. ಚಿಕ್ಕವರಿದ್ದಾಗ ಅಮ್ಮ ಆಕೆಯ ಪಕ್ಕದಲ್ಲೇ ಮಲಗುತ್ತಿದ್ದರಂತೆ.

ಕೀಲುನೋವಿಗೂ ಟಿಬಿಗೂ ಏನು ಸಂಬಂಧ? ಸಾಫ್ಟ್‌ವೇರಿನವಳಾದ ನನಗೆ ಇದು ತಿಳಿಯಲು ಒಂದು ವಾರ ಓದಬೇಕಾಯಿತು. ಟಿಬಿಯ ರೋಗಾಣು ಶ್ವಾಸಕೋಶಕ್ಕೆ ಇಳಿದರೆ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅದನ್ನು ನುಂಗುತ್ತವೆ. ನುಂಗಿದರೂ ಎಷ್ಟೋ ಸಲ ಅರಗಿಸಿಕೊಳ್ಳಲಾರವು. ಆಗ ಟಿ ಕೋಶಗಳು ಬಂದು ಸೇರುತ್ತವೆ. ಎಲ್ಲವೂ ಸುತ್ತ ಒತ್ತಾಗಿ ನಿಂತು ಗ್ರ್ಯಾನ್ಯುಲೋಮಾ ಎಂಬ ಸಣ್ಣ ಗಂಟು ಕಟ್ಟಿ ರೋಗಾಣುವನ್ನು ಒಳಗೇ ಕೂಡಿಹಾಕುತ್ತವೆ. ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಶೇಕಡ 5ರಿಂದ 10 ಮಂದಿ ಮಾತ್ರ. ಉಳಿದವರೊಳಗೆ ಈ ಕಾವಲು ಹತ್ತಾರು ವರ್ಷ ಸದ್ದಿಲ್ಲದೆ ನಡೆದಿರುತ್ತದೆ. ಕಾವಲಿನ ಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ರಾಸಾಯನಿಕಗಳಲ್ಲಿ ಒಂದು ಟಿಎನ್‌ಎಫ್. ಸಂಧಿವಾತದಲ್ಲಿ ನಮ್ಮದೇ ಕೋಶಗಳು ನಮ್ಮ ಕೀಲುಗಳ ಮೇಲೆ ತಿರುಗಿಬಿದ್ದಾಗ ಉರಿ ಹೆಚ್ಚಿಸುವುದೂ ಅದೇ. ಅಮ್ಮನ ಇಂಜೆಕ್ಷನ್ ಕಟ್ಟಿಹಾಕುವುದು ಇದನ್ನು. ಬೆರಳಿನ ಉರಿ ಇಳಿಯುತ್ತದೆ. ಜೊತೆಗೆ ಎದೆಯೊಳಗಿನ ಕಾವಲೂ ಸಡಿಲವಾಗಬಹುದು.

ಹೀಗೆ ಓದುತ್ತಿರುವಾಗ ಒಂದು ಪ್ರಶ್ನೆ ಎದ್ದಿತು. ಮೈಸೂರಿನ ಸ್ಯಾನಟೋರಿಯಂ ಕಥೆ ನಮಗೆ ಗೊತ್ತು: ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದ ಮೇಲೆ ಅವರ ಹೆಸರಿನಲ್ಲಿ ಕಟ್ಟಿದ್ದು. ಆದರೆ ನಾವೀಗ ಬದುಕುತ್ತಿರುವ ಈ ಮಲಯಾಳ ನಾಡಿನಲ್ಲಿ ಅಂಥದ್ದನ್ನು ಕಟ್ಟಿದವರು ಯಾರು? ಹುಡುಕಿದಾಗ ಸಿಕ್ಕಿದ ಹೆಸರು ಡಾ. ಮೇರಿ ಪುನ್ನನ್ ಲೂಕೋಸ್. ಕೇರಳದ ಗೆಳತಿಯರಿಗೆ ಅವರು ಪಠ್ಯಪುಸ್ತಕದಷ್ಟು ಪರಿಚಿತರು. ನಾನು ಇಲ್ಲಿ ಇಷ್ಟು ವರ್ಷ ಇದ್ದೂ ಕೇಳಿರಲಿಲ್ಲ.

ಮೇರಿ ಹುಟ್ಟಿದ್ದು 1886ರ ಆಗಸ್ಟ್ 2ರಂದು, ಕೋಟ್ಟಯಂ ಪಕ್ಕದ ಐಮನಂ ಎಂಬ ಊರಿನಲ್ಲಿ. ಅರುಂಧತಿ ರಾಯ್ ಅವರ ಕಾದಂಬರಿ ಓದಿದವರಿಗೆ ಊರಿನ ಹೆಸರು ನೆನಪಿರಬಹುದು. ತಂದೆ ಡಾ. ಟಿ. ಇ. ಪುನ್ನನ್, ತಿರುವಿದಾಂಕೂರಿನ ಮೊದಲ ವೈದ್ಯಕೀಯ ಪದವೀಧರರು, ಅರಮನೆಯ ವೈದ್ಯರು. ಮೇರಿ ಒಬ್ಬಳೇ ಮಗಳು. ತಾಯಿಯ ಆರೋಗ್ಯ ಸರಿಯಿರಲಿಲ್ಲವಾದ್ದರಿಂದ ಮಗು ಬೆಳೆದದ್ದು ಇಂಗ್ಲಿಷ್ ದಾದಿಯರ ಕೈಯಲ್ಲಿ.

ತಿರುವನಂತಪುರದ ಹೋಲಿ ಏಂಜಲ್ಸ್ ಕಾನ್ವೆಂಟಿನಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದಾಗ ಆಕೆಯೇ ಮೊದಲಿಗಳು. ಮುಂದೆ ವಿಜ್ಞಾನ ಓದಬೇಕೆಂದು ಮಹಾರಾಜಾಸ್ ಕಾಲೇಜಿಗೆ, ಅಂದರೆ ಇಂದಿನ ಯೂನಿವರ್ಸಿಟಿ ಕಾಲೇಜಿಗೆ ಹೋದರೆ, ಹೆಣ್ಣು ಎಂಬ ಕಾರಣಕ್ಕೆ ಸೀಟು ಕೊಡಲಿಲ್ಲ. ಸಿಕ್ಕಿದ್ದು ಚರಿತ್ರೆ. ಚರಿತ್ರೆಯನ್ನೇ ಓದಿ 1909ರಲ್ಲಿ ಬಿ.ಎ. ಮಾಡಿದರು. ಇಡೀ ಕಾಲೇಜಿಗೆ ಆಕೆಯೊಬ್ಬಳೇ ಹುಡುಗಿ. ನನ್ನ ಎಂಟೆಕ್ ತರಗತಿಯಲ್ಲಿ ನಾವು ಆರು ಮಂದಿ ಹುಡುಗಿಯರಿದ್ದೆವು. ಅಷ್ಟಕ್ಕೇ ಎಷ್ಟು ಗೊಣಗುತ್ತಿದ್ದೆವು!

ಇತಿಹಾಸದ ಪದವಿ ಹಿಡಿದುಕೊಂಡೇ ಮೇರಿ ವೈದ್ಯಕೀಯ ಓದಲು ಲಂಡನ್ನಿಗೆ ಹಡಗು ಹತ್ತಿದರು. ಲಂಡನ್ ವಿಶ್ವವಿದ್ಯಾಲಯದಿಂದ ಎಂಬಿಬಿಎಸ್ ಪಡೆದ ಕೇರಳದ ಮೊದಲ ಮಹಿಳೆಯಾದರು. ಆಮೇಲೆ ಡಬ್ಲಿನ್ನಿನ ರೊಟಂಡಾ ಆಸ್ಪತ್ರೆಯಲ್ಲಿ ಹೆರಿಗೆಯ ತರಬೇತಿ, ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಮಕ್ಕಳ ಚಿಕಿತ್ಸೆಯ ತರಬೇತಿ. ಈ ಎಲ್ಲದರ ನಡುವೆ ಸಂಗೀತದ ಪರೀಕ್ಷೆಯನ್ನೂ ಪಾಸು ಮಾಡಿದರು.

1916ರಲ್ಲಿ, ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ಊರಿಗೆ ಮರಳಿದರು. ಅದೇ ವರ್ಷ ತಂದೆ ತೀರಿಕೊಂಡರು. ತೈಕ್ಕಾಡಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದ ಪಾಶ್ಚಾತ್ಯ ಮಹಿಳೆ ತಾಯ್ನಾಡಿಗೆ ಹೊರಟಿದ್ದರು; ಆ ಜಾಗಕ್ಕೆ ಮೇರಿ ಬಂದರು. ಮರುವರ್ಷ ವಕೀಲ ಕೆ. ಕೆ. ಲೂಕೋಸ್ ಅವರೊಡನೆ ಮದುವೆ. ಅವರು ಮುಂದೆ ತಿರುವಿದಾಂಕೂರು ಹೈಕೋರ್ಟಿನ ನ್ಯಾಯಾಧೀಶರಾದರು.

ಆಸ್ಪತ್ರೆ ಇತ್ತು, ಡಾಕ್ಟರಮ್ಮ ಇದ್ದರು, ಬಸುರಿಯರೇ ಬರುತ್ತಿರಲಿಲ್ಲ. ಹೆರಿಗೆ ಎಂದರೆ ಮನೆಯ ಕತ್ತಲೆ ಕೋಣೆ, ಸೂಲಗಿತ್ತಿ. ಆಸ್ಪತ್ರೆಗೆ ಸೇರಿದರೆ ಸಾವು ಹತ್ತಿರ ಬಂತೆಂದೇ ಅರ್ಥ. ಮೇರಿ ಸೂಲಗಿತ್ತಿಯರನ್ನು ಹಳಿಯುತ್ತ ಕೂರಲಿಲ್ಲ. ಅವರ ಮಕ್ಕಳನ್ನೇ ಕರೆತಂದು ಹೆರಿಗೆಯ ತರಬೇತಿ ಕೊಟ್ಟರು. ಎದುರು ನಿಲ್ಲಬಹುದಾಗಿದ್ದ ಮನೆಗಳು ಹೀಗೆ ಆಸ್ಪತ್ರೆಯ ಕಡೆಗಾದವು. ನನ್ನ ದೃಷ್ಟಿಯಲ್ಲಿ ಅವರು ಮಾಡಿದ ಅತಿ ಜಾಣ ಕೆಲಸ ಇದೇ. 1918ರಲ್ಲಿ ತಮ್ಮ ಚೊಚ್ಚಲ ಹೆರಿಗೆಗೂ ಅವರು ಇದೇ ಆಸ್ಪತ್ರೆಗೆ ದಾಖಲಾದರು ಎನ್ನುತ್ತಾರೆ. ಉಪದೇಶಕ್ಕಿಂತ ಅದು ಹೆಚ್ಚು ಕೆಲಸ ಮಾಡಿರಬೇಕು. 1920ರಲ್ಲಿ ಅವರು ಅಲ್ಲಿ ಮಾಡಿದ ಸಿಸೇರಿಯನ್ ಕೇರಳದ ಮೊದಲನೆಯದೆಂದು ದಾಖಲಾಗಿದೆ.

ಇಪ್ಪತ್ತರ ದಶಕದಲ್ಲಿ ಅವರನ್ನು ರಾಜ್ಯದ ಶಾಸನಸಭೆಗೆ ನಾಮಕರಣ ಮಾಡಿದರು. ಅಲ್ಲಿಯೂ ಅವರೇ ಮೊದಲ ಹೆಣ್ಣು. ಸೇತು ಲಕ್ಷ್ಮೀಬಾಯಿ ರೀಜೆಂಟ್ ಮಹಾರಾಣಿಯಾದ 1924ರಲ್ಲಿ ಮೇರಿ ಹಂಗಾಮಿ ಸರ್ಜನ್ ಜನರಲ್ ಆದರು, 1938ರಲ್ಲಿ ಪೂರ್ಣಾವಧಿಯ ಸರ್ಜನ್ ಜನರಲ್. ಭಾರತದಲ್ಲಿ ಆ ಹುದ್ದೆ ಏರಿದ ಮೊದಲ ಮಹಿಳೆ. 32 ಸರಕಾರಿ ಆಸ್ಪತ್ರೆಗಳು, 40 ಡಿಸ್ಪೆನ್ಸರಿಗಳು, 20 ಖಾಸಗಿ ಸಂಸ್ಥೆಗಳ ಉಸ್ತುವಾರಿ ಅವರದು. ಅಮೆರಿಕದಲ್ಲಿ ಮಹಿಳೆಯೊಬ್ಬರು ಸರ್ಜನ್ ಜನರಲ್ ಆಗಲು 1990ರವರೆಗೆ ಕಾಯಬೇಕಾಯಿತು.

ಹೆರಿಗೆ ಡಾಕ್ಟರೊಬ್ಬರ ಹೆಸರಿನ ಜೊತೆ ಎರಡು ಸಂಸ್ಥೆಗಳು ಸೇರಿಕೊಂಡಿರುವುದು ನನ್ನನ್ನು ತಡೆದು ನಿಲ್ಲಿಸಿತು. ಎರಡೂ ಹೆರಿಗೆಯವಲ್ಲ. ಒಂದು, ನಾಗರಕೋವಿಲಿನ ಟಿಬಿ ಸ್ಯಾನಟೋರಿಯಂ. ಆ ಊರು ಆಗ ತಿರುವಿದಾಂಕೂರಿನದು, 1956ರ ನಂತರ ತಮಿಳುನಾಡಿನದು. ಇನ್ನೊಂದು, ತಿರುವನಂತಪುರದ ಎಕ್ಸ್‌ರೇ ಮತ್ತು ರೇಡಿಯಂ ಸಂಸ್ಥೆ. ಒಂದು ಎದೆಗೆ, ಇನ್ನೊಂದು ಮುಖ್ಯವಾಗಿ ಕ್ಯಾನ್ಸರಿಗೆ.

ಸ್ಯಾನಟೋರಿಯಂಗಳ ಆ ಕಾಲವನ್ನು ಸ್ವಲ್ಪ ಊಹಿಸಿಕೊಳ್ಳಿ. ಕಾಕ್ 1882ರಲ್ಲೇ ಟಿಬಿ ರೋಗಾಣುವನ್ನು ಕಂಡುಹಿಡಿದಿದ್ದರು. ಶತ್ರು ಯಾರೆಂದು ಗೊತ್ತಿತ್ತು, ಕೊಲ್ಲುವ ಔಷಧ ಇರಲಿಲ್ಲ. ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಅಲ್ಲಿಯವರೆಗೆ ಸ್ಯಾನಟೋರಿಯಂ ಕೊಡುತ್ತಿದ್ದದ್ದು ಗಾಳಿ, ಬಿಸಿಲು, ಹಾಲು ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಹೊಡೆದಾಡಬೇಕಾದದ್ದು ರೋಗಿಯ ಕೋಶಗಳೇ. ಅವುಗಳಿಗೆ ಹೊಟ್ಟೆಗೆ ಹಾಕಿ, ದೇಹಕ್ಕೆ ಬೇರೆ ದುಡಿಮೆ ಕೊಡದೆ ಕಾಯುವುದಷ್ಟೇ ಡಾಕ್ಟರ ಕೈಲಿದ್ದದ್ದು. ನುಂಗುವ ಕೋಶಗಳನ್ನು ಮೆಚ್ನಿಕಾಫ್ ಗುರುತಿಸಿ 1908ರ ನೊಬೆಲ್ ಪಡೆದಿದ್ದರು. ಆದರೆ ಟಿ ಕೋಶಗಳು ಎಂಬ ಹೆಸರೇ ಆಗ ಹುಟ್ಟಿರಲಿಲ್ಲ. ಕೆಲವರು ಗುಣವಾಗಿ ಹೋಗುತ್ತಿದ್ದರು, ಅನೇಕರು ಹೋಗುತ್ತಿರಲಿಲ್ಲ. ಹೋಗದವರಿಂದಲೂ ಒಂದು ಲಾಭವಿತ್ತು, ಹೇಳಲು ಕಠೋರವಾದರೂ ನಿಜ: ಕೆಮ್ಮುವ ತಾಯಿ ಬೇರೆ ಕಡೆ ಮಲಗಿದರೆ ಮನೆಯ ಮಗುವಿನ ಎದೆಗೆ ಆ ಗಾಳಿ ಹೋಗುವುದಿಲ್ಲ. ಅಮ್ಮನ ದೊಡ್ಡಮ್ಮನನ್ನು ಕಳಿಸುವುದರಲ್ಲಿ ನಮ್ಮ ಮನೆಯವರು ಎಷ್ಟು ತಡ ಮಾಡಿದ್ದರೋ!

ರೇಡಿಯಂ ಬೇರೆ ದಾರಿಯದು. ಅದು ಕೋಶದೊಳಗಿನ ಡಿಎನ್‌ಎಯನ್ನು ಮುರಿಯುತ್ತದೆ. ಬೇಗಬೇಗ ಒಡೆದು ಹೆಚ್ಚುವ ಕ್ಯಾನ್ಸರ್ ಕೋಶಗಳಿಗೆ ಆ ಪೆಟ್ಟು ಹೆಚ್ಚು ತಾಗುತ್ತದೆ. ಮೇರಿ ಕ್ಯೂರಿ 1898ರಲ್ಲಿ ಕಂಡ ಈ ಧಾತುವನ್ನು ಆ ಕಾಲದಲ್ಲಿ ಸಣ್ಣ ಕೊಳವೆ, ಸೂಜಿಗಳಲ್ಲಿ ತುಂಬಿ ಗರ್ಭಕಂಠದ ಕ್ಯಾನ್ಸರಿನ ಹತ್ತಿರ ಇರಿಸುತ್ತಿದ್ದರು. ಪ್ರಸೂತಿ ವೈದ್ಯೆಯೊಬ್ಬರು ರೇಡಿಯಂ ಸಂಸ್ಥೆ ಕಟ್ಟಿಸಿದ್ದರ ಹಿಂದೆ ಇದೇ ಕಾರಣವಿರಬೇಕೆಂದು ನನ್ನ ಊಹೆ. ಹೇಳಿಕೊಳ್ಳದೆ ತಡವಾಗಿ ಬರುವ ಹೆಂಗಸರನ್ನು ಅವರು ತೈಕ್ಕಾಡಿನಲ್ಲಿ ಎಷ್ಟು ಮಂದಿಯನ್ನು ಕಂಡಿದ್ದರೋ.

ಈಗ ಕ್ಯಾನ್ಸರ್ ಚಿಕಿತ್ಸೆಯೂ ಸ್ಯಾನಟೋರಿಯಮ್ಮಿನ ದಾರಿಗೆ, ಅಂದರೆ ರೋಗಿಯ ಸ್ವಂತ ಕೋಶಗಳ ಕಡೆಗೆ ತಿರುಗಿದೆ. ಟಿ ಕೋಶಗಳಿಗೆ ಬ್ರೇಕ್ ಇದೆ, ಅದನ್ನು ಬಿಡಿಸಿದರೆ ಅವೇ ಗಡ್ಡೆಯ ಮೇಲೆ ಬೀಳುತ್ತವೆ ಎಂದು ತೋರಿಸಿದ ಆಲಿಸನ್ ಮತ್ತು ಹೋಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಬ್ರೇಕ್ ಬಿಟ್ಟ ಕೋಶಗಳು ಕೆಲವು ರೋಗಿಗಳಲ್ಲಿ ಶ್ವಾಸಕೋಶದಲ್ಲೇ ಉರಿಯೂತ ಎಬ್ಬಿಸುತ್ತವೆ, ಕೀಲುಗಳನ್ನೂ ಹಿಡಿಯುತ್ತವೆ. ಅಮ್ಮನಿಗೆ ಬ್ರೇಕ್ ಹಾಕಬೇಕು, ಅವರಿಗೆ ಬಿಡಬೇಕು. ಎರಡು ಕಡೆಯೂ ಕಾವಲುಗಾರರು ಒಂದೇ ಪಂಗಡದವರು.

ಮಾರ್ಚ್‌ನಲ್ಲಿ ಟೆಕ್ನೋಪಾರ್ಕಿನಲ್ಲಿ ಕೆಲಸವಿತ್ತು. ಎರ್ನಾಕುಲಂನಿಂದ ವಂದೇ ಭಾರತ್ ಹಿಡಿದು ಹೋದವಳು ಮಧ್ಯಾಹ್ನ ಬಿಡುವು ಮಾಡಿಕೊಂಡು ತೈಕ್ಕಾಡಿಗೆ ಹೋದೆ. ಆಸ್ಪತ್ರೆ ಇವತ್ತಿಗೂ ಹೆಂಗಸರ ಮಕ್ಕಳ ಆಸ್ಪತ್ರೆಯೇ. ಫ್ಲಾಸ್ಕು, ಬಟ್ಟೆಯ ಚೀಲ ಹಿಡಿದ ಅಜ್ಜಿಯಂದಿರು ಬಾಗಿಲ ಬಳಿ ಕಾಯುತ್ತಿದ್ದರು. ಈಗ ಆಸ್ಪತ್ರೆ ಎಂದರೆ ಅವರಿಗೆ ಭಯವಿಲ್ಲ, ಲಿಫ್ಟ್ ತಡವಾದದ್ದಕ್ಕೆ ಸಿಟ್ಟು ಮಾತ್ರ. ಕ್ಯಾನ್ಸರಿನ ಕೋಶಗಳ ಬಗ್ಗೆ ಸಂಶೋಧನೆ ನಡೆಸುವ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಇರುವುದು ಪೂಜಪ್ಪುರದಲ್ಲಿ, ಅದರ ಅಂಚೆ ವಿಳಾಸ ಇದೇ ತೈಕ್ಕಾಡ್. ನಮಗೆ ಕಿದ್ವಾಯಿ ಹೇಗೋ ಹಾಗೆ ಕೇರಳಕ್ಕೆ ಇರುವ ರೀಜನಲ್ ಕ್ಯಾನ್ಸರ್ ಸೆಂಟರ್ 1981ರಲ್ಲಿ ಶುರುವಾದದ್ದೂ ಇದೇ ನಗರದಲ್ಲಿ.

ಮೇರಿಯವರ ಸಾರ್ವಜನಿಕ ಬದುಕು ತುಂಬು ಬದುಕು. ತಿರುವನಂತಪುರದ ವೈಡಬ್ಲ್ಯುಸಿಎಯನ್ನು 1918ರಲ್ಲಿ ಸ್ಥಾಪಿಸಿ ಐವತ್ತು ವರ್ಷ ಅದರ ಅಧ್ಯಕ್ಷೆಯಾಗಿದ್ದರು. ನಮ್ಮ ಮಹಿಳಾ ವೇದಿಕೆಯಲ್ಲಿ ಎರಡು ವರ್ಷಕ್ಕೆ ಅಧ್ಯಕ್ಷರಾಗಲು ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ! ಮನೆಯ ಬದುಕು ಮಾತ್ರ ಹಾಗಲ್ಲ. 1947ರಲ್ಲಿ ಗಂಡ ತೀರಿಕೊಂಡರು. ಮಗಳು ಗ್ರೇಸಿ ತಾಯಿಯಂತೆಯೇ ವೈದ್ಯೆ, ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಮಗ ರಾಜತಾಂತ್ರಿಕ ಅಧಿಕಾರಿ. ಇಬ್ಬರೂ ತಾಯಿಗಿಂತ ಮೊದಲೇ ಹೋದರು. ಸಾವಿರಾರು ಮಕ್ಕಳನ್ನು ಲೋಕಕ್ಕೆ ತಂದ ಕೈ ತನ್ನ ಇಬ್ಬರು ಮಕ್ಕಳನ್ನೂ ಕಳಿಸಿಕೊಟ್ಟಿತು. 1975ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 88 ವರ್ಷ. ಮರುವರ್ಷ ಅಕ್ಟೋಬರ್ 2ರಂದು ತೀರಿಕೊಂಡರು. ಅವರ ಆತ್ಮಕಥೆ ಪುಸ್ತಕವಾಗಿ ಬಂದದ್ದು ಅದಾದ ಮೇಲೆ.

ತಿರುವನಂತಪುರದಿಂದ ಮರಳುವಾಗ ರೈಲಿನಲ್ಲೇ ಅಮ್ಮನ ರಿಪೋರ್ಟ್ ಫೋನಿಗೆ ಬಂತು. ಎಕ್ಸ್‌ರೇ ಸ್ವಚ್ಛ. ರಕ್ತಪರೀಕ್ಷೆ ಪಾಸಿಟಿವ್. ಆ ಪರೀಕ್ಷೆಯಲ್ಲಿ ನಮ್ಮ ಟಿ ಕೋಶಗಳಿಗೆ ಟಿಬಿ ರೋಗಾಣುವಿನ ತುಣುಕು ತೋರಿಸಿ, ಗುರುತು ಹಿಡಿಯುತ್ತವೆಯೇ ಎಂದು ನೋಡುತ್ತಾರೆ. ಅಮ್ಮನ ಕೋಶಗಳು ಗುರುತು ಹಿಡಿದಿದ್ದವು. ಬಹುಶಃ ಅರವತ್ತು ವರ್ಷಗಳಿಂದ ಕಾವಲು ಕಾಯುತ್ತಿದ್ದಾವೆ. ಕಾಯಿಲೆಯಿಲ್ಲ, ಯಾರಿಗೂ ಹರಡುವುದಿಲ್ಲ, ಆದರೆ ಇಂಜೆಕ್ಷನ್ನಿಗೆ ಮೊದಲು ವಾರಕ್ಕೊಮ್ಮೆಯಂತೆ ಹನ್ನೆರಡು ಸಲ ಮಾತ್ರೆ ಶುರು ಮಾಡಬೇಕು ಎಂದರು ಡಾಕ್ಟರು.

ಅಮ್ಮ ಮೈಸೂರಿನ ತಂಗಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ದೊಡ್ಡಮ್ಮನ ಹೆಸರು ಹಿಡಿದು ಎಲ್ಲವನ್ನೂ ಹೇಳಿದರು. ಚಿಕ್ಕಮ್ಮನೂ ಆ ಪರೀಕ್ಷೆ ಮಾಡಿಸಿಕೊಳ್ಳಬೇಕೇ ಎಂದು ಡಾಕ್ಟರನ್ನು ಕೇಳಬೇಕಿದೆ. ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಅಮ್ಮ ಪ್ರತಿ ಭಾನುವಾರಕ್ಕೆ ಒಂದೊಂದು ಗೀಟು ಹಾಕುತ್ತಾರೆ. ಈ ವಾರದ್ದು ಏಳನೆಯದು.