ಲೇಡಿ ಏಡಾ ಲವ್‌ಲೇಸ್

ಲೆಕ್ಕವನ್ನೂ ಪ್ರಬಂಧವನ್ನೂ ಯಂತ್ರವೇ ಮಾಡಿಕೊಡುವ ಈ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ವಿಶ್ವವಿದ್ಯಾಲಯವನ್ನು ಸೇರಿ ಯಾವ ವಿಷಯವನ್ನು ಓದಬೇಕೆಂದು, ಈ ವರುಷ ಶಾಲೆಯನ್ನು ಬಿಟ್ಟುಹೋಗುವ ಹುಡುಗಿಯರಲ್ಲಿ ಅನೇಕರು ನನ್ನನ್ನು ಕೇಳಿದರು. ಅವರಿಗೆ ಉತ್ತರವಾಗಿ ಒಬ್ಬ ಸ್ತ್ರೀಯ ಜೀವನವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆನು.

ಏಡಾ 1815ನೆಯ ಇಸವಿ ಡಿಸೆಂಬರ್ 10ನೆಯ ತಾರೀಖು ಲಂಡನ್ ನಗರದಲ್ಲಿ ಜನಿಸಿದಳು. ತಂದೆಯು ಹೆಸರಾಂತ ಕವಿಯಾದ ಲಾರ್ಡ್ ಬೈರನ್. ಶಿಶುವಿಗೆ ಅರ್ಧ ವರುಷ ತುಂಬುವ ಮೊದಲೇ ಆತನು ದೇಶವನ್ನು ಬಿಟ್ಟುಹೋದನು. ಮಗಳು ಆತನನ್ನು ಮತ್ತೆ ಕಾಣಲಿಲ್ಲ. ತಂದೆಯ ಚಂಚಲ ಸ್ವಭಾವವು ಮಗಳಿಗೆ ಬಾರದಿರಲೆಂದು ತಾಯಿಯು ಆಕೆಗೆ ಚಿಕ್ಕಂದಿನಿಂದಲೇ ಗಣಿತವನ್ನು ಕಲಿಸಿದಳು. ಆದರೂ ಮಗಳ ಕಲ್ಪನಾಶಕ್ತಿಯು ಅಡಗಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಆಕೆಯು ಹಕ್ಕಿಗಳ ರೆಕ್ಕೆಗಳನ್ನು ಪರೀಕ್ಷಿಸಿ, ಹಾರುವ ಯಂತ್ರವೊಂದನ್ನು ಮಾಡಲು ಯೋಚಿಸಿದಳು. 1829ರಲ್ಲಿ ದಡಾರವು ತಗಲಿ, ಕಾಲುಗಳ ಶಕ್ತಿ ಕುಂದಿ, ಬಹುಕಾಲ ಹಾಸಿಗೆ ಹಿಡಿದಾಗಲೂ ವ್ಯಾಸಂಗವನ್ನು ಬಿಡಲಿಲ್ಲ.

1833ರಲ್ಲಿ ಚಾರ್ಲ್ಸ್ ಬ್ಯಾಬೇಜನೆಂಬ ಗಣಿತಜ್ಞನ ಪರಿಚಯವಾಗಿ, ಆತನ ಲೆಕ್ಕದ ಯಂತ್ರವು ಆಕೆಯ ಮನಸ್ಸನ್ನು ಸೆಳೆಯಿತು. ಆಗ ಇಂಗ್ಲೆಂಡಿನಲ್ಲಿ ಸ್ತ್ರೀಯರಿಗೆ ವಿಶ್ವವಿದ್ಯಾಲಯದ ಪದವಿಯಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯವು ಅದನ್ನು ಅನುಮತಿಸಿದ್ದು 1878ರಲ್ಲಿ. ಆದಕಾರಣ ಮೂರು ಮಕ್ಕಳ ತಾಯಿಯಾದ ಮೇಲೆ, 1840ರಲ್ಲಿ, ಆಕೆಯು ನಮ್ಮ ದೇಶದ ಮದುರೈ ಪಟ್ಟಣದಲ್ಲಿ ಹುಟ್ಟಿದ ಪ್ರೊಫೆಸರ್ ಡಿ ಮಾರ್ಗನ್ನನಿಂದ ಹೆಚ್ಚಾಗಿ ಕಾಗದಗಳ ಮೂಲಕ ಉನ್ನತ ಗಣಿತವನ್ನು ಕಲಿಯತೊಡಗಿದಳು. ಇಂಥ ಕಠಿಣ ವ್ಯಾಸಂಗವನ್ನು ಸ್ತ್ರೀಯ ದೇಹವು ತಾಳದೆಂಬ ಶಂಕೆಯು ಆ ಗುರುವಿಗೂ ಇತ್ತು.

ಬ್ಯಾಬೇಜನು ಬಳಿಕ ಯೋಜಿಸಿದ ದೊಡ್ಡ ಯಂತ್ರವು, ರೇಷ್ಮೆಯ ಮಗ್ಗದಂತೆ, ತೂತುಹಾಕಿದ ರಟ್ಟುಗಳ ಅಪ್ಪಣೆಯಿಂದ ನಡೆಯತಕ್ಕದ್ದಾಗಿತ್ತು. ಅದನ್ನು ಕುರಿತ ಫ್ರೆಂಚ್ ಲೇಖನವನ್ನು ಏಡಾ 1843ರಲ್ಲಿ ಇಂಗ್ಲಿಷಿಗೆ ತಂದು, ಮೂಲಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಟಿಪ್ಪಣಿಗಳನ್ನು ಸೇರಿಸಿದಳು. ಬರ್ನೌಲಿ ಸಂಖ್ಯೆಗಳನ್ನು ಯಂತ್ರದಿಂದ ಕಂಡುಹಿಡಿಯುವ ಕ್ರಮವನ್ನು ಹಂತಹಂತವಾಗಿ ತೋರಿಸಿದಳು. ಸ್ವರಗಳ ಸಂಬಂಧವನ್ನು ಚಿಹ್ನೆಗಳಲ್ಲಿ ಹೇಳಬಹುದಾದರೆ ಯಂತ್ರವು ಸಂಗೀತವನ್ನೂ ರಚಿಸೀತೆಂದು ಊಹಿಸಿದಳು. ಆದರೆ ತಾನಾಗಿ ಹೊಸತನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲವೆಂದೂ ಎಚ್ಚರಿಸಿದಳು. ಈ ಅಭಿಪ್ರಾಯವನ್ನು 1950ರಲ್ಲಿ ಅಲನ್ ಟ್ಯೂರಿಂಗನು ಪ್ರಶ್ನಿಸಿದನು. ಆ ವಾದವು ಇಂದಿಗೂ ಮುಗಿದಿಲ್ಲ.

ಆಕೆಯ ಬಾಳು ನಿರ್ದೋಷವಾಗಿರಲಿಲ್ಲ. ಕುದುರೆ ಜೂಜಿನಲ್ಲಿ ಹಣವನ್ನು ಕಳೆದು ಸಾಲಕ್ಕೆ ಗುರಿಯಾದಳು. 1852ರ ನವೆಂಬರ್ 27ರಂದು, ಮೂವತ್ತಾರನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ರೋಗದಿಂದ ಮೃತಳಾಗಿ, ತನ್ನ ಇಚ್ಛೆಯಂತೆ ಹಕ್ನಲ್ ಊರಿನ ದೇವಾಲಯದಲ್ಲಿ ತಂದೆಯ ಮಗ್ಗುಲಲ್ಲಿ ಸಮಾಧಿಯಾದಳು. ಆ ದೊಡ್ಡ ಯಂತ್ರವು ಸಿದ್ಧವಾಗಲೇ ಇಲ್ಲ.

ಗಣಿತದಲ್ಲಿ ಚುರುಕಾದವಳಿಗೆ ಕಾವ್ಯವೇಕೆಂದು ಹಿಂದೆ ನಾನೂ ಕೆಲವು ಹುಡುಗಿಯರಿಗೆ ಹೇಳಿದ್ದುಂಟು. ಏಡಾಳ ತಾಯಿ ಎಣಿಸಿದಂತೆಯೇ ನಾನೂ ಎಣಿಸಿದ್ದೆನು, ಅದು ತಪ್ಪು. ಲೆಕ್ಕದ ಯಂತ್ರದಲ್ಲಿ ಸಂಗೀತವನ್ನು ಕಂಡ ಕಣ್ಣು ಎರಡೂ ವಿದ್ಯೆಗಳಿಂದ ತೆರೆದದ್ದು. ಆದುದರಿಂದ, ಪ್ರಿಯ ವಿದ್ಯಾರ್ಥಿನಿಯರೇ, ಯಂತ್ರವು ಯಾವ ಉದ್ಯೋಗವನ್ನು ಕಸಿದೀತೆಂಬ ಭಯವೊಂದರಿಂದಲೇ ವಿಷಯವನ್ನು ಆರಿಸಬೇಡಿರಿ. ಹಾಸಿಗೆ ಹಿಡಿದಾಗಲೂ ಬಿಡಲಾರದ ವಿದ್ಯೆ ಯಾವುದೋ ಅದನ್ನು ಆರಿಸಿರಿ. ಅದರ ಜೊತೆಗೆ ದೂರದ್ದೆಂದು ತೋರುವ ಇನ್ನೊಂದನ್ನೂ ಕಲಿಯಿರಿ. ಏಡಾಳಿಗೆ ಆರಿಸಿಕೊಳ್ಳಲು ವಿಶ್ವವಿದ್ಯಾಲಯವೇ ಇರಲಿಲ್ಲ, ನಿಮಗಿದೆ.