ತಿದ್ದುವ ಅಧಿಕಾರ ಯಾರ ಕೈಯಲ್ಲಿ? ಬಾಬಾಸಾಹೇಬರ ಬದುಕಿನ ಒಂದು ಎಳೆ



ವಾರ್ಷಿಕೋತ್ಸವದ ಸ್ಮರಣ ಸಂಚಿಕೆ ಅಂದ ಮೇಲೆ ಬಾಬಾಸಾಹೇಬರ ಮೇಲೆ ಒಂದು ಲೇಖನ ಇರಲೇಬೇಕು. ಅವರು ಸಂವಿಧಾನ ಬರೆದರು ಅನ್ನೋದು ನಮ್ಮ ಓಣಿಯ ಸಣ್ಣ ಹುಡುಗರಿಗೂ ಗೊತ್ತದ. ಆದರೆ ಬರೆಯುವಷ್ಟೇ ದೊಡ್ಡ ಕೆಲಸ ಇನ್ನೊಂದಿತ್ತು. ಬರೆದ ಸಂವಿಧಾನವನ್ನು ಮುಂದೆ ಯಾರು ತಿದ್ದಬೇಕು, ಹೇಗೆ ತಿದ್ದಬೇಕು ಅಂತ ಗೊತ್ತು ಮಾಡುವ ಕೆಲಸ ಅದು. ಮನೆ ಕಟ್ಟಿದವ ಒಬ್ಬ, ಕೀಲಿ ಇಟ್ಟುಕೊಂಡವ ಇನ್ನೊಬ್ಬ ಅಂತಾದರೆ ಅದು ನಮ್ಮ ಮನೆ ಹೆಂಗಾದೀತು? ಬಾಬಾಸಾಹೇಬರು ಜೀವನಪೂರ್ತಿ ಇದೇ ಕೀಲಿಯ ಹಿಂದೆ ಬಿದ್ದಿದ್ದರು. ಆ ಒಂದು ಎಳೆ ಹಿಡಿದು ಅವರ ಜೀವನವನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯ ಭಾರತದ ಮಹೂ ದಂಡು ಪ್ರದೇಶದಲ್ಲಿ. ತಂದೆ ರಾಮಜಿ ಸಕಪಾಳ ಸೈನ್ಯದಲ್ಲಿ ಸುಬೇದಾರರು, ತಾಯಿ ಭೀಮಾಬಾಯಿ. ದಂಪತಿಗೆ ಇವರು 14ನೇ ಮಗು. ಸಾತಾರದ ಶಾಲೆಯಲ್ಲಿ ಉಳಿದ ಮಕ್ಕಳಿಂದ ದೂರ ಕೂಡಬೇಕು, ನೀರಿನ ಪಾತ್ರೆ ಮುಟ್ಟಬಾರದು. ಈ ನಿಯಮಗಳನ್ನು ಯಾವ ಸರಕಾರವೂ ಮಾಡಿರಲಿಲ್ಲ. ಆದರೆ ಸರಕಾರದ ಕಾಯ್ದೆಗಿಂತ ಬಿಗಿಯಾಗಿ ನಡೆಯುತ್ತಿದ್ದವು. ಅನುಭವಿಸುವವರಿಗೆ ಅವನ್ನು ಬದಲಿಸುವ ಹಕ್ಕಿರಲಿಲ್ಲ. ಅಂಥದರಲ್ಲೇ ಹುಡುಗ 1907ರಲ್ಲಿ ಮೆಟ್ರಿಕ್ ಮುಗಿಸಿದ. 1912ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಲ್ಲಿ ಬಿ.ಎ. ಆದ.

ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಶಿಷ್ಯವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಡಾಕ್ಟರೇಟ್‌ಗಾಗಿ ಅವರು ಆರಿಸಿದ ವಿಷಯ ಬ್ರಿಟಿಷ್ ಇಂಡಿಯಾದ ಪ್ರಾಂತಗಳ ಹಣಕಾಸು. ಹಣ ಎಲ್ಲಿ ಕೂಡುತ್ತದೆ, ಪ್ರಾಂತಕ್ಕೆ ಎಷ್ಟು, ಕೇಂದ್ರಕ್ಕೆ ಎಷ್ಟು, ಅದನ್ನು ಗೊತ್ತು ಮಾಡುವವರು ಯಾರು ಅನ್ನೋದರ ಲೆಕ್ಕ ಅದು. 1925ರಲ್ಲಿ ಈ ಪ್ರಬಂಧ ಪುಸ್ತಕವಾಗಿ ಬಂತು. ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರ ಹಂಚಿಕೆಯ ಪ್ರಶ್ನೆಯನ್ನು ಅವರು ತಮ್ಮ ಇಪ್ಪತ್ತರ ಹರೆಯದಲ್ಲೇ ಬಗೆದು ನೋಡಿದ್ದರು ಅನ್ನೋದು ನಾವು ಮರೆಯಬಾರದ ಮಾತು. ಮುಂದೆ ಲಂಡನ್ನಿನಲ್ಲಿ ಓದಿ, 1923ರಲ್ಲಿ ಡಿ.ಎಸ್ಸಿ. ಪದವಿ ಪಡೆದು, ಬ್ಯಾರಿಸ್ಟರ್ ಆಗಿ ತಿರುಗಿ ಬಂದರು.

1924ರ ಜುಲೈನಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಈ ಸಭಾ 1925ರಲ್ಲಿ ಒಂದು ವಿದ್ಯಾರ್ಥಿ ವಸತಿಗೃಹ ತೆರೆಯಿತು. ಎಲ್ಲಿ ಗೊತ್ತೇನ್ರಿ? ನಮ್ಮ ಸೊಲ್ಲಾಪುರದಲ್ಲಿ! ಕನ್ನಡ, ಮರಾಠಿ ಎರಡೂ ಆಡುವ ಈ ಸೀಮೆಯ ನಮ್ಮ ಹುಡುಗರು ಶಾಲೆ ಕಲಿಯಬೇಕು ಅಂತ ಅವರಿಗೆ ಆಗಲೇ ಅನಿಸಿತ್ತು. ಕಾಯ್ದೆ ತಿದ್ದಬೇಕಾದರೆ ಮೊದಲು ಕಾಯ್ದೆ ಓದಲು ಬರಬೇಕಲ್ಲ.

ಮುಂದಿನ ಎರಡು ಹೋರಾಟಗಳು ಅವರಿಗೆ ದೊಡ್ಡ ಪಾಠ ಕಲಿಸಿದವು.

ಮೊದಲನೆಯದು ಮಹಾಡ. ಸಾರ್ವಜನಿಕ ಕೆರೆ, ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಅಂತ ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ಠರಾವು ಮಾಡಿತ್ತು. ಮಹಾಡ ಪುರಸಭೆಯೂ 1924ರಲ್ಲಿ ಒಪ್ಪಿಕೊಂಡಿತ್ತು. ಕಾಗದದಲ್ಲಿ ಎಲ್ಲ ಸರಿ, ಆದರೆ ಚವದಾರ ಕೆರೆಯ ನೀರು ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ನೀರು ಕುಡಿದರು. ಅದೇ ಆಗಸ್ಟ್‌ನಲ್ಲಿ ಪುರಸಭೆ ತನ್ನ ಠರಾವನ್ನೇ ರದ್ದು ಮಾಡಿತು! ಕೊಟ್ಟ ಕೈಯೇ ಕಸಿದುಕೊಂಡಿತು. ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಯಾರೂ ಎಂದೂ ತಿದ್ದುವಂತಿಲ್ಲ ಅಂತ ಕೂತಿದ್ದ ಕಾಯ್ದೆಗೆ ಕೊಟ್ಟ ಉತ್ತರ ಅದು. ಕೆರೆಯ ವ್ಯಾಜ್ಯ ಕೋರ್ಟಿನಲ್ಲಿ ಹತ್ತು ವರ್ಷ ನಡೆದು, 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ನಮ್ಮವರ ಪರವಾಗಿ ತೀರ್ಪಾಯಿತು.

ಎರಡನೆಯದು ವತನ. ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಡು ಇನಾಮು ಭೂಮಿ, ಊರವರು ಕೊಡುವ ಕಾಳು, ಅದರ ಬದಲಿಗೆ ಹಗಲು ರಾತ್ರಿ ಸರಕಾರಿ ಚಾಕರಿ. ಮನೆಯಲ್ಲಿ ಒಬ್ಬನ ಹೆಸರಿಗೆ ವತನ ಇದ್ದರೂ ಮನೆಮಂದಿಯೆಲ್ಲ ದುಡಿಯಬೇಕು. ಇದಕ್ಕೆ 1874ರ ಕಾಯ್ದೆಯ ಬಲ ಇತ್ತು. 1927ರಿಂದ ಮುಂಬಯಿ ಶಾಸನ ಪರಿಷತ್ತಿನ ನಾಮನಿರ್ದೇಶಿತ ಸದಸ್ಯರಾಗಿದ್ದ ಬಾಬಾಸಾಹೇಬರು 1928ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಸಭೆಯಲ್ಲಿ ನಮ್ಮ ಪರ ಕೈಯೆತ್ತುವವರು ಎಷ್ಟು ಮಂದಿ? ಮಸೂದೆ ರೂಪ ಕೆಟ್ಟು ಹೋಯಿತು. 1929ರಲ್ಲಿ ಅವರೇ ಹಿಂದಕ್ಕೆ ಪಡೆಯಬೇಕಾಯಿತು. ಆ ವತನಗಳನ್ನು ತೆಗೆದು ಹಾಕುವ ಕಾಯ್ದೆ ಮುಂಬಯಿ ರಾಜ್ಯದಲ್ಲಿ ಬಂದದ್ದು 1958ರಲ್ಲಿ. ಅಷ್ಟೊತ್ತಿಗೆ ಅವರು ತೀರಿಹೋಗಿ ಎರಡು ವರ್ಷವಾಗಿತ್ತು.

ಹೀಗೆ ಪ್ರಾಂತದ ಸಭೆಯಲ್ಲಿ ಬಾಗಿಲು ತಟ್ಟಿದವರು ಮುಂದೆ ಲಂಡನ್ನಿನ ಬಾಗಿಲು ತಟ್ಟಿದರು. 1930ರಿಂದ 1932ರವರೆಗೆ ನಡೆದ ಮೂರೂ ದುಂಡುಮೇಜಿನ ಪರಿಷತ್ತುಗಳಲ್ಲಿ ಭಾಗವಹಿಸಿದರು. ಭಾರತ ಹೆಂಥ ಒಕ್ಕೂಟ ಆಗಬೇಕು ಅಂತ ಚರ್ಚಿಸಿದ ಸಮಿತಿಯಲ್ಲೂ ಕೂತರು. 1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಪ್ರಧಾನಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿದರು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರ ಹೋಯಿತು, ಪ್ರಾಂತಗಳ ಸಭೆಗಳಲ್ಲಿ 148 ಮೀಸಲು ಸ್ಥಾನ ಬಂದವು. ಆದರೆ ನೋಡ್ರಿ, ಈ ಒಪ್ಪಂದ ಪುಣೆಯಲ್ಲಿ ಆದರೂ ಅದಕ್ಕೆ ಜೀವ ಬರಬೇಕಾದರೆ ಲಂಡನ್ ಒಪ್ಪಬೇಕಿತ್ತು. ಭಾರತ ಸರಕಾರದ 1935ರ ಕಾಯ್ದೆ ಮಾಡಿದ್ದು ಬ್ರಿಟನ್ನಿನ ಪಾರ್ಲಿಮೆಂಟು. ಅದನ್ನು ತಿದ್ದುವ ಅಧಿಕಾರವೂ ಅದೇ ಪಾರ್ಲಿಮೆಂಟಿನದು. ನಮ್ಮ ಸಭೆಗಳು ಕೆಲವು ವಿಷಯಗಳಲ್ಲಿ ಬಿನ್ನಹ ಮಾಡಿಕೊಳ್ಳಬಹುದಿತ್ತು, ಅಷ್ಟೇ. ಕಾಯ್ದೆಯಲ್ಲಿ ಒಕ್ಕೂಟ ಅಂತ ಬರೆದಿತ್ತು, ಆದರೆ ಸಂಸ್ಥಾನಿಕರು ಸೇರದ ಕಾರಣ ಅದು ಜಾರಿಗೆ ಬರಲೇ ಇಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸಂವಿಧಾನ ಸಭೆಯ ಮಾತು ಬಂತು. ಬಾಬಾಸಾಹೇಬರ ಪರಿಶಿಷ್ಟ ಜಾತಿಗಳ ಒಕ್ಕೂಟ 1946ರ ಚುನಾವಣೆಯಲ್ಲಿ ಸೋತಿತ್ತು. ಮುಂಬಯಿಯಿಂದ ಸಭೆಗೆ ಹೋಗುವ ದಾರಿ ಇರಲಿಲ್ಲ. ಜೋಗೇಂದ್ರನಾಥ ಮಂಡಲರು ಮತ್ತು ಬಂಗಾಳದ ದಲಿತ ಶಾಸಕರು ಬೆಂಬಲ ಕೊಟ್ಟು ಅವರನ್ನು ಬಂಗಾಳದಿಂದ ಆರಿಸಿ ಕಳಿಸಿದರು. ದೇಶ ವಿಭಜನೆಯಾದಾಗ ಆ ಸ್ಥಾನವೂ ಹೋಯಿತು. ಆಗ ಕಾಂಗ್ರೆಸ್ಸಿನವರೇ ಬೆಂಬಲ ಕೊಟ್ಟು, ಎಂ.ಆರ್. ಜಯಕರ್ ತೆರವು ಮಾಡಿದ್ದ ಮುಂಬಯಿಯ ಸ್ಥಾನದಿಂದ 1947ರ ಜುಲೈನಲ್ಲಿ ಅವರನ್ನು ಆರಿಸಿ ತಂದರು. ಅಷ್ಟು ಸಣ್ಣ ಎಳೆಯ ಮೇಲೆ ನಮ್ಮ ಹಣೆಬರಹ ನಿಂತಿತ್ತು.

1947ರ ಭಾರತ ಸ್ವಾತಂತ್ರ್ಯ ಕಾಯ್ದೆಯೂ ಬ್ರಿಟನ್ನಿನ ಪಾರ್ಲಿಮೆಂಟು ಮಾಡಿದ್ದೇ. ಆದರೆ ಅದರಲ್ಲಿ ಒಂದು ವಿಶೇಷ ಇತ್ತು. ಬ್ರಿಟನ್ ಮಾಡಿದ ಯಾವ ಕಾಯ್ದೆಯನ್ನಾದರೂ, ಈ ಸ್ವಾತಂತ್ರ್ಯ ಕಾಯ್ದೆಯನ್ನೂ ಸಹ, ನಮ್ಮ ಸಭೆ ರದ್ದು ಮಾಡಬಹುದಿತ್ತು. ಆಗಸ್ಟ್ 29ರಂದು ಕರಡು ಸಮಿತಿ ನೇಮಕವಾಯಿತು. ಮರುದಿನ ಬಾಬಾಸಾಹೇಬರು ಅದರ ಅಧ್ಯಕ್ಷರಾದರು. ಮೊದಲ ಕರಡು ತಯಾರಿಸಿದ ಸಲಹೆಗಾರ ಬೆನಗಲ್ ನರಸಿಂಗರಾವ್ ಕನ್ನಡ ಕರಾವಳಿ ಮೂಲದವರು. ಸಮಿತಿಗೆ ಆಮೇಲೆ ಸೇರಿದ ಎನ್. ಮಾಧವರಾವ್ ಮೈಸೂರಿನ ದಿವಾನರಾಗಿದ್ದವರು. ಸಮಿತಿಯ ಕೆಲವರು ಬೇರೆ ಕೆಲಸದಲ್ಲಿದ್ದರು, ಒಬ್ಬರು ತೀರಿಕೊಂಡರು. ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದ ಬಾಬಾಸಾಹೇಬರ ಹೆಗಲ ಮೇಲೇ ಹೆಚ್ಚಿನ ಭಾರ ಬಿತ್ತು. ಕರಡಿಗೆ 7635 ತಿದ್ದುಪಡಿ ಸೂಚನೆಗಳು ಬಂದವು, 2473 ಸಭೆಯಲ್ಲಿ ಮಂಡನೆಯಾದವು.

ತಿದ್ದುಪಡಿಯ ವಿಧಿ ಚರ್ಚೆಗೆ ಬಂದದ್ದು 1949ರ ಸೆಪ್ಟೆಂಬರ್ 17ರಂದು. ಇಂದು ಅದು 368ನೇ ವಿಧಿ. ಸಂವಿಧಾನ ಸುಲಭವಾಗಿ ತಿದ್ದುವಂತಿರಬೇಕು, ಮೊದಲ ಕೆಲವು ವರ್ಷವಾದರೂ ಸಾದಾ ಬಹುಮತ ಸಾಕು ಅಂತ ವಾದಿಸಿದವರಿದ್ದರು. ಬಾಬಾಸಾಹೇಬರು ಒಪ್ಪಲಿಲ್ಲ. ಮುಂದೆ ಬರುವ ಸಂಸತ್ತಿನಲ್ಲಿ ಪಕ್ಷಗಳಿರುತ್ತವೆ, ಪಕ್ಷಕ್ಕೆ ಅಡ್ಡ ಬಂದ ವಿಧಿಯನ್ನು ತೆಗೆಯುವ ಆಸೆಯೂ ಇರುತ್ತದೆ ಅನ್ನೋದು ಅವರ ಎಚ್ಚರಿಕೆ. ಹಂಗಂತ ಅಮೆರಿಕದಷ್ಟು ಬಿಗಿಯೂ ಬೇಡ ಅಂದರು. ಅಲ್ಲಿ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಒಪ್ಪಬೇಕು.

ಅವರು ಮಾಡಿಟ್ಟದ್ದು ಮೂರು ದಾರಿ. ರಾಜ್ಯಗಳ ಗಡಿ, ಹೆಸರಿನಂಥ ಕೆಲವು ವಿಷಯಗಳಿಗೆ ಸಂಸತ್ತಿನ ಸಾದಾ ಬಹುಮತ ಸಾಕು. ಸಂವಿಧಾನದ ಹೆಚ್ಚಿನ ಭಾಗಕ್ಕೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ ಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಪಾಲೂ ಬೇಕು. ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆ, ಸುಪ್ರೀಂ ಕೋರ್ಟು, ಹೈಕೋರ್ಟು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಮತ್ತು ಈ 368ನೇ ವಿಧಿಯನ್ನೇ ಮುಟ್ಟಬೇಕಾದರೆ, ಇದರ ಜೊತೆಗೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ಅಂದರೆ ಮುಖ್ಯ ಬಾಗಿಲಿನ ಕೀಲಿ ದಿಲ್ಲಿಯೊಂದರ ಕೈಯಲ್ಲಿಲ್ಲ.

ಕೊನೆಗೆ 395ನೇ ವಿಧಿ ಬಂತು. ಅದು 1935ರ ಕಾಯ್ದೆಯನ್ನೂ ಸ್ವಾತಂತ್ರ್ಯ ಕಾಯ್ದೆಯನ್ನೂ ಎರಡನ್ನೂ ರದ್ದು ಮಾಡಿತು. 1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನವನ್ನು ಬ್ರಿಟನ್ ದೊರೆಯ ಸಹಿಗಾಗಲಿ, ಗವರ್ನರ್ ಜನರಲ್ಲರ ಒಪ್ಪಿಗೆಗಾಗಲಿ ಕಳಿಸಲಿಲ್ಲ. ಸಭೆಯ ಅಧ್ಯಕ್ಷರ ಸಹಿಯೇ ಸಾಕಾಯಿತು.

ಇದರ ಬೆಲೆ ತಿಳಿಯಬೇಕಾದರೆ ಕೆನಡಾ ದೇಶವನ್ನು ನೋಡಬೇಕು. 1867ರಲ್ಲೇ ಒಕ್ಕೂಟವಾದ ದೇಶ ಅದು. 1931ರಲ್ಲಿ ಬ್ರಿಟನ್ ಬಹುತೇಕ ಎಲ್ಲ ಅಧಿಕಾರ ಬಿಟ್ಟುಕೊಟ್ಟಿತು. ಆದರೆ ಸಂವಿಧಾನ ಹೇಗೆ ತಿದ್ದಬೇಕು ಅಂತ ಕೆನಡಾದ ಕೇಂದ್ರಕ್ಕೂ ಪ್ರಾಂತಗಳಿಗೂ ಒಮ್ಮತ ಬರಲಿಲ್ಲ. ಆದ್ದರಿಂದ ಆ ಕೀಲಿ ಲಂಡನ್ನಿನಲ್ಲೇ ಉಳಿಯಿತು. ಅದು ಅವರ ಕೈಗೆ ಬಂದದ್ದು 1982ರ ಏಪ್ರಿಲ್ 17ರಂದು. ಆಗಲೂ ಕ್ವಿಬೆಕ್ ಪ್ರಾಂತದ ಸರಕಾರ ಒಪ್ಪಿರಲಿಲ್ಲ. ದೊರೆ ಕೊಟ್ಟರೆ ಸಾಲದು, ಮನೆಯವರು ಹಂಚಿಕೊಳ್ಳುವುದನ್ನೂ ಕಲಿಯಬೇಕು. ಆ ಹಂಚಿಕೆಯನ್ನು ಬಾಬಾಸಾಹೇಬರು ಮತ್ತು ಅವರ ಸಂಗಾತಿಗಳು ಮೂರು ವರ್ಷದೊಳಗೆ ಮಾಡಿ ಮುಗಿಸಿದ್ದರು.

ಕೀಲಿ ಬೇಗನೇ ಉಪಯೋಗಕ್ಕೆ ಬಂತು. ಕಾಲೇಜು ಸೀಟುಗಳನ್ನು ಜಾತಿವಾರು ಹಂಚುವ ಮದ್ರಾಸ್ ಸರಕಾರದ ಆದೇಶವನ್ನು 1951ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಅದೇ ವರ್ಷ ಜೂನ್‌ನಲ್ಲಿ ಮೊದಲ ತಿದ್ದುಪಡಿ ಬಂದು 15(4) ವಿಧಿ ಸೇರಿತು. ಕಾನೂನು ಮಂತ್ರಿಯಾಗಿದ್ದ ಬಾಬಾಸಾಹೇಬರು ಅದನ್ನು ಸಮರ್ಥಿಸಿದರು. ನಾವು ಇಂದು ಕಾಲೇಜಿನಲ್ಲಿ ಸೀಟು ಪಡೆಯುವುದು ಆ ವಿಧಿಯ ಆಧಾರದ ಮೇಲೆ. ಅದೇ ತಿದ್ದುಪಡಿ ಜಮೀನು ಸುಧಾರಣೆಗೆ ದಾರಿ ಮಾಡಿತು, ಮಾತಿನ ಸ್ವಾತಂತ್ರ್ಯಕ್ಕೆ ಹೊಸ ಮಿತಿಯನ್ನೂ ಹಾಕಿತು. ಕೀಲಿಗೆ ಎರಡೂ ಗುಣ ಅವ. ಮೂರು ತಿಂಗಳಲ್ಲಿ, ಹಿಂದೂ ಕೋಡ್ ಬಿಲ್ ಮುಂದೆ ಸಾಗದಿದ್ದಾಗ, ಅವರು ಮಂತ್ರಿಗಿರಿ ಬಿಟ್ಟರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದರು. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಬಿಜಾಪುರ, ಧಾರವಾಡ ಆ ಕಡೆ ಹೋದವು, ಸೊಲ್ಲಾಪುರ ಸೀಮೆ ಈ ಕಡೆ ಉಳಿಯಿತು. ಗಡಿ ಎಳೆಯಲು ಸಂಸತ್ತಿನ ಸಾದಾ ಬಹುಮತ ಸಾಕು, ರಾಜ್ಯಗಳ ಅಭಿಪ್ರಾಯ ಕೇಳಿದರಾಯಿತು. ಕಡಿಮೆ ಸಂಖ್ಯೆಯ ಜನ ಎಲ್ಲಿ ಬೀಳುತ್ತಾರೆ ಅನ್ನೋದು ಗಡಿಯಲ್ಲಿರುವ ನಮಗೆ ಚೆನ್ನಾಗಿ ಗೊತ್ತು. ಡಿಸೆಂಬರ್ 6ರಂದು ಬಾಬಾಸಾಹೇಬರು ದಿಲ್ಲಿಯಲ್ಲಿ ಪರಿನಿಬ್ಬಾಣ ಹೊಂದಿದರು.

ಅವರ ನಂತರ ಒಂದು ಪ್ರಶ್ನೆ ಉಳಿದಿತ್ತು. ಮೂರನೇ ಎರಡು ಬಹುಮತ ಇದ್ದರೆ ಸಂಸತ್ತು ಏನನ್ನಾದರೂ ಅಳಿಸಬಹುದೇ? ಇದಕ್ಕೆ ಉತ್ತರ ಬಂದದ್ದು ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡಿನಿಂದ. ಅಲ್ಲಿಯ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಜಮೀನಿಗಾಗಿ ಕೇರಳದ ಭೂಸುಧಾರಣೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ. 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆ. ಭೂಮಿ ಉಳಿಸಿಕೊಳ್ಳಲು ಹೋದ ಮಠದ ವ್ಯಾಜ್ಯ, ಭೂಮಿಯೇ ಇಲ್ಲದವರ ಹಕ್ಕಿಗೂ ಬೇಲಿಯಾಯಿತು.

2023ರವರೆಗೆ 106 ತಿದ್ದುಪಡಿಗಳಾಗಿವೆ. ನಮಗೆ ಹತ್ತಿರದ್ದು 334ನೇ ವಿಧಿ. ಲೋಕಸಭೆ, ವಿಧಾನಸಭೆಗಳ ಮೀಸಲು ಸ್ಥಾನ ಮೊದಲು ಹತ್ತು ವರ್ಷಕ್ಕೆ ಮಾತ್ರ ಇತ್ತು. ಪ್ರತಿ ಸಲ ಸಂವಿಧಾನ ತಿದ್ದಿಯೇ ಅದನ್ನು ಮುಂದುವರಿಸಲಾಗಿದೆ. 2019ರಲ್ಲಿ ಸಂಸತ್ತು ಒಪ್ಪಿದ 104ನೇ ತಿದ್ದುಪಡಿ ಅದನ್ನು 2030ರ ಜನವರಿಯವರೆಗೆ ತಂದು ನಿಲ್ಲಿಸಿದೆ. ಮುಂದೇನು ಅಂತ ಕೇಳುವವರು ನಾವೇ ಆಗಬೇಕಲ್ಲವೇ?

ಆದ್ದರಿಂದ ಗೆಳೆಯರೇ, ಜಯಂತಿಯಂದು ಮೂರ್ತಿಗೆ ಮಾಲೆ ಹಾಕೋಣ, ಮೆರವಣಿಗೆಯನ್ನೂ ಮಾಡೋಣ. ಜೊತೆಗೆ ಸಂಘದ ಕೋಣೆಯಲ್ಲಿ ವಾರಕ್ಕೊಂದು ಸಂಜೆ ಕೂತು ಸಂವಿಧಾನ ತೆರೆದು 15, 334, 368, ಈ ಮೂರು ವಿಧಿಗಳನ್ನಾದರೂ ಒಟ್ಟಿಗೆ ಓದೋಣ. ಕನ್ನಡದಲ್ಲಿ ಓದೋಣ, ಮರಾಠಿ ಬಲ್ಲ ನೆರೆಯವರಿಗೆ ಮರಾಠಿಯಲ್ಲಿ ಹೇಳೋಣ. ಬಾಬಾಸಾಹೇಬರು ಅಷ್ಟು ಕಷ್ಟಪಟ್ಟು ತಂದುಕೊಟ್ಟ ಕೀಲಿ ಯಾವುದು, ಅದು ಯಾವ ಬಾಗಿಲಿನದು ಅನ್ನೋದು ನಮಗೆ ಗೊತ್ತಿರಲಿ.

ಜೈ ಭೀಮ್. ಜೈ ಸಂವಿಧಾನ.