ಸ್ವತಂತ್ರ ಭಾರತದ ಮೊದಲ ವಿಮಾನದ ಶಿಲ್ಪಿ ಡಾ. ಘಾಟಗೆ

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಿಂದ ನಗರದ ಪೂರ್ವಭಾಗದ ವಿಮಾನಪುರಕ್ಕೆ ಹೋಗಬೇಕಾದರೆ ಇಡೀ ಬೆಂಗಳೂರನ್ನೇ ದಾಟಬೇಕು. ವಿಮಾನ ವಿನ್ಯಾಸ ಕಲಿಯುವ ಹಂಬಲ ಹೊತ್ತ ವಿದ್ಯಾರ್ಥಿಗೆ ಆ ದೂರ ದೊಡ್ಡದೇನಲ್ಲ. ಇಂದು ಲೆಕ್ಕಕ್ಕೆ ಕಂಪ್ಯೂಟರ್ ಇದೆ, ಓದಲು ಗ್ರಂಥಗಳಿವೆ, ಕಲಿಸಲು ಕಾಲೇಜುಗಳಿವೆ. ಇಂಥ ಅನುಕೂಲಗಳಿಲ್ಲದ ಕಾಲದಲ್ಲಿ ಇದೇ ಊರಿನಲ್ಲಿ ಕುಳಿತು ವಿಮಾನವೊಂದನ್ನು ಮೊದಲ ಗೆರೆಯಿಂದ ರೂಪಿಸಿದವರು, ಆ ವಿದ್ಯೆಯನ್ನು ಇತರರಿಗೂ ಧಾರೆ ಎರೆದವರು ಡಾ. ವಿಷ್ಣು ಮಾಧವ ಘಾಟಗೆ.

1908ರಲ್ಲಿ ಜನಿಸಿದ ಘಾಟಗೆ ಉನ್ನತ ವ್ಯಾಸಂಗಕ್ಕೆ ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡರು. ಆಧುನಿಕ ವಾಯುಚಲನ ಶಾಸ್ತ್ರದ ಪಿತಾಮಹರೆನಿಸಿದ ಲುಡ್ವಿಗ್ ಪ್ರಾಂಟ್ಲ್ ಅಲ್ಲಿದ್ದರು. ರೆಕ್ಕೆಗೆ ಅಂಟಿಕೊಂಡು ಹರಿಯುವ ತೆಳುವಾದ ಗಾಳಿಪದರದ ಸ್ವರೂಪವನ್ನೂ, ರೆಕ್ಕೆಯ ಉದ್ದಕ್ಕೂ ಗಾಳಿಯ ತಡೆಗೂ ಇರುವ ನಂಟನ್ನೂ ಜಗತ್ತಿಗೆ ತಿಳಿಸಿಕೊಟ್ಟವರು ಪ್ರಾಂಟ್ಲ್. ಅವರ ಬಳಿ ಸಂಶೋಧನೆ ನಡೆಸಿದ ಘಾಟಗೆ 1936ರಲ್ಲಿ ಡಾಕ್ಟರೇಟ್ ಪಡೆದು ತಾಯ್ನಾಡಿಗೆ ಮರಳಿದರು. ಆದರೆ ಆ ವಿದ್ಯೆಯನ್ನು ಪ್ರಯೋಗಕ್ಕಿಳಿಸಲು ದೇಶದಲ್ಲಿ ಒಂದು ವಿಮಾನ ಕಾರ್ಖಾನೆಯೂ ಇರಲಿಲ್ಲ.

ಆ ಕೊರತೆ ನೀಗಿದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಗೆ ಸೇರಿದ ಘಾಟಗೆ ಹತ್ತು ಆಸನಗಳ ಗ್ಲೈಡರ್ ಒಂದನ್ನು ವಿನ್ಯಾಸಗೊಳಿಸಿದರು. ಎರಡನೇ ಮಹಾಯುದ್ಧದ ದಿನಗಳಲ್ಲಿ ಕಾರ್ಖಾನೆಯು ಅಮೆರಿಕದ ವಾಯುಪಡೆಯ ಸುಪರ್ದಿಗೆ ಹೋಗಿ ದುರಸ್ತಿ ಕೇಂದ್ರವಾಯಿತು. ಹೊಸ ವಿನ್ಯಾಸಕ್ಕೆ ಅಲ್ಲಿ ಎಡೆಯಿರಲಿಲ್ಲ. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ವೈಮಾನಿಕ ಎಂಜಿನಿಯರಿಂಗ್ ವಿಭಾಗದ ಮೊದಲ ಹೊಣೆಯನ್ನು ಘಾಟಗೆ ಹೊತ್ತರು. ದೇಶಕ್ಕೆ ವಿಮಾನಕ್ಕಿಂತ ಮೊದಲು ವಿಮಾನ ಬಲ್ಲವರು ಬೇಕಾಗಿದ್ದರು.

ತೂಕವೇ ಮೂಲ ಪ್ರಶ್ನೆ

1948ರಲ್ಲಿ ಘಾಟಗೆ ವಿನ್ಯಾಸಕಾರರಾಗಿ ಕಾರ್ಖಾನೆಗೆ ಮರಳಿದರು. ವಾಯುಪಡೆಯ ಹೊಸಬರಿಗೆ ಹಾರಾಟ ಕಲಿಸುವ, ಹಳೆಯ ಟೈಗರ್ ಮಾತ್ ವಿಮಾನದ ಸ್ಥಾನ ತುಂಬುವ ವಿಮಾನವೊಂದು ಬೇಕೆಂಬ ಬೇಡಿಕೆ ಇತ್ತು. ಅದೇ ಎಚ್‌ಟಿ-2.

ವಿಮಾನ ವಿನ್ಯಾಸದ ಮೊದಲ ಹಂತ ಒಂದು ವಿಷವರ್ತುಲವಿದ್ದಂತೆ. ತೂಕ ಗೊತ್ತಾಗದೆ ರೆಕ್ಕೆಯ ಅಳತೆ ನಿರ್ಧಾರವಾಗದು; ರೆಕ್ಕೆ, ಎಂಜಿನ್ ಗೊತ್ತಾಗದೆ ತೂಕ ನಿರ್ಧಾರವಾಗದು. ತೂಕ ಹೆಚ್ಚಿದರೆ ರೆಕ್ಕೆ ದೊಡ್ಡದಾಗಬೇಕು, ಆಗ ಎಂಜಿನ್ನಿಗೆ ಹೆಚ್ಚು ಶಕ್ತಿ ಬೇಕು, ಇಂಧನವೂ ಹೆಚ್ಚಬೇಕು, ಅದರಿಂದ ತೂಕ ಮತ್ತೆ ಏರುತ್ತದೆ. ಆದ್ದರಿಂದ ವಿನ್ಯಾಸಕಾರ ಮೊದಲು ಒಂದು ತೂಕವನ್ನು ಊಹಿಸಿಕೊಂಡು, ಲೆಕ್ಕ ಹಾಕಿ, ಊಹೆಯನ್ನು ತಿದ್ದಿ, ಎರಡೂ ಒಂದಕ್ಕೊಂದು ಹೊಂದುವವರೆಗೆ ಮತ್ತೆ ಮತ್ತೆ ಲೆಕ್ಕ ಹಾಕಬೇಕು.

ಎಚ್‌ಟಿ-2ರ ಅಂಕಿ-ಅಂಶಗಳು ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ಪೂರ್ಣ ತೂಕ ಸುಮಾರು 1,016 ಕಿಲೋ, ಬರಿಯ ವಿಮಾನದ ತೂಕ ಸುಮಾರು 700 ಕಿಲೋ. ಗುರು, ಶಿಷ್ಯ, ಇಂಧನ ಎಲ್ಲಕ್ಕೂ ಉಳಿದದ್ದು ಮುನ್ನೂರು ಚಿಲ್ಲರೆ ಕಿಲೋ ಮಾತ್ರ. ರೆಕ್ಕೆಯ ವಿಸ್ತೀರ್ಣ 16 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರಿಗೆ 63 ಕಿಲೋಗಿಂತ ತುಸು ಹೆಚ್ಚು ಭಾರ. ಕಲಿಯುವವನು ನಿಧಾನ ವೇಗದಲ್ಲಿ ಇಳಿಯಬೇಕಾದ ಕಾರಣ ಈ ಭಾರವನ್ನು ಕಡಿಮೆ ಇಡಬೇಕಿತ್ತು. ಟೈಗರ್ ಮಾತ್‌ಗೆ ಬಟ್ಟೆ ಹೊದಿಸಿದ ಜೋಡಿ ರೆಕ್ಕೆಗಳಿದ್ದವು. ಎಚ್‌ಟಿ-2 ಸಂಪೂರ್ಣ ಲೋಹದ, ಒಂಟಿ ರೆಕ್ಕೆಯ ವಿಮಾನ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು. ಇಲ್ಲಿ ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ, ನೆಲ ಬಿಡಲು ಓಟವೂ ಹೆಚ್ಚು ಬೇಕು.

1951ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿ ಚಾಲಕತ್ವದಲ್ಲಿ ಮೊದಲ ಎಚ್‌ಟಿ-2 ಬೆಂಗಳೂರಿನ ಬಾನಿಗೇರಿತು. ಆ ಮಾದರಿಗೆ ಜಿಪ್ಸಿ ಮೇಜರ್ ಎಂಜಿನ್ ಇತ್ತು. 1952ರ ಎರಡನೇ ಮಾದರಿಗೆ 155 ಅಶ್ವಶಕ್ತಿಯ ಸಿರ್ರಸ್ ಮೇಜರ್ ಅಳವಡಿಸಲಾಯಿತು. ತಯಾರಿಕೆಗೂ ಅದೇ ಆಯ್ಕೆಯಾಯಿತು. ಎರಡೂ ಬ್ರಿಟಿಷ್ ಎಂಜಿನ್‌ಗಳು. ನೂರೈವತ್ತಕ್ಕೂ ಹೆಚ್ಚು ವಿಮಾನಗಳು ತಯಾರಾದವು, ಕೆಲವು ಘಾನಾ ದೇಶಕ್ಕೂ ಹೋದವು. 1980ರ ದಶಕದಲ್ಲಿ ದೀಪಕ್ ವಿಮಾನಗಳು ಬರುವವರೆಗೂ ನಮ್ಮ ವಾಯುಪಡೆಯ ತಲೆಮಾರುಗಳು ಎಚ್‌ಟಿ-2ರಲ್ಲೇ ಹಾರಾಟದ ಅಕ್ಷರಾಭ್ಯಾಸ ಮಾಡಿದವು.

ಎರಡು ದಾರಿಗಳು

ಯುದ್ಧವಿಮಾನದ ವಿನ್ಯಾಸಕ್ಕೆ ಸರ್ಕಾರ 1956ರಲ್ಲಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರನ್ನು ಬರಮಾಡಿಕೊಂಡಿತು. ಅವರ ಮಾರುತ್ 1961ರ ಜೂನ್ 17ರಂದು ಹಾರಿತು. ಆದರೆ ನೆಚ್ಚಿಕೊಂಡಿದ್ದ ಹೆಚ್ಚು ಶಕ್ತಿಯ ಎಂಜಿನ್ ಕೈಗೆ ಬಾರದೆ, ಆ ಸೊಗಸಾದ ವಿಮಾನ ತನ್ನ ಪೂರ್ಣ ಸಾಮರ್ಥ್ಯವನ್ನು ತೋರಲಾಗಲಿಲ್ಲ. ಅದೇ ಕಾಲದಲ್ಲಿ ಘಾಟಗೆ ಅವರ ತಂಡವು ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಪುಷ್ಪಕ್, ಸೇನೆಯ ವೀಕ್ಷಣೆಗಾಗಿ ಕೃಷಕ್, ಬಳಿಕ ಜೆಟ್ ತರಬೇತಿ ವಿಮಾನ ಕಿರಣ್, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿತು. 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿದ ಕಿರಣ್, ಮುಂದೆ ಸೂರ್ಯಕಿರಣ್ ಕಸರತ್ತು ತಂಡದ ಮೂಲಕ ಮನೆಮಾತಾಯಿತು.

ಅಂಗೈಯಲ್ಲಿರುವ ಎಂಜಿನ್ನಿಗೆ ತಕ್ಕ ವಿಮಾನವನ್ನು ಚಿತ್ರಿಸುವುದು ಪುಕ್ಕಲುತನವೇ, ವಿವೇಕವೇ? ಈ ಪ್ರಶ್ನೆ ದೇಶದ ವಿಮಾನೋದ್ಯಮವನ್ನು ಇಂದಿಗೂ ಬಿಟ್ಟಿಲ್ಲ. ತೇಜಸ್ ವಿಮಾನ ಕೂಡ ಹಾರುತ್ತಿರುವುದು ಅಮೆರಿಕದ ಎಂಜಿನ್ನಿನಿಂದ. ಘಾಟಗೆ ತಮ್ಮ ಉತ್ತರವನ್ನು ಹಾರಿ ತೋರಿಸಿದ ವಿಮಾನಗಳಲ್ಲಿಯೇ ಬಿಟ್ಟುಹೋಗಿದ್ದಾರೆ.

1965ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 1991ರ ಡಿಸೆಂಬರ್‌ನಲ್ಲಿ ಅವರು ನಿಧನರಾದರು. ವಿಮಾನಪುರದಲ್ಲಿ ಎಚ್‌ಎಎಲ್‌ನ ಸಭಾಭವನವೊಂದು ಅವರ ಹೆಸರು ಹೊತ್ತಿದೆ. ಅದರ ಮುಂದೆ ಹಾದುಹೋಗುವ ಸಾವಿರಾರು ಜನರಲ್ಲಿ ಆ ಹೆಸರಿನ ಹಿಂದಿನ ಮನುಷ್ಯನನ್ನು ಬಲ್ಲವರು ಕೆಲವರೇ. ಪಶ್ಚಿಮ ಬೆಂಗಳೂರಿನ ಯಾವುದೋ ಮನೆಯಲ್ಲಿ ಇಂದು ರಾತ್ರಿ ತನ್ನ ಮೊದಲ ವಿಮಾನದ ತೂಕವನ್ನು ಊಹಿಸುತ್ತ ಕುಳಿತ ವಿದ್ಯಾರ್ಥಿಯಾದರೂ ಅವರನ್ನು ಅರಿತಿರಲಿ.